ಟ್ಯಾಂಕಿನ ಬುಡದ ಮನೆ

ಊರಿಗೆ ನೀರು ಬಿಡುವವನನ್ನು ಊರಿನವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವನ ಹೆಗಲ ಮೇಲೆ ಸದಾ ಒಂದು ಕಬ್ಬಿಣದ ಚಾವಿ ಇರುತ್ತಿತ್ತು; ಬೀದಿಯ ನೆಲದೊಳಗೆ ಹುದುಗಿರುವ ವಾಲ್ವುಗಳನ್ನು ತಿರುಗಿಸುವ, ಅವನ ಎದೆಮಟ್ಟದ ಚಾವಿ. ಅದರಿಂದಾಗಿ ಅವನೂ ಚಾವಿಯೇ ಆಗಿಹೋದ. ಹೆಂಡತಿಯನ್ನು ಚಾವಿ ಹೆಂಡತಿ ಎಂದರು, ಸೈಕಲ್ಲನ್ನು ಚಾವಿ ಸೈಕಲ್ಲು ಎಂದರು. ನೀರು ಬಂದ ಬೀದಿಯಲ್ಲಿ ಅವನನ್ನು ಕರೆದು ಟೀ ಕೊಡುತ್ತಿದ್ದರು, ಬಾರದ ಬೀದಿಯಲ್ಲಿ ಅವನ ವಂಶವನ್ನೇ ಜಾಲಾಡುತ್ತಿದ್ದರು. ಎರಡೂ ಒಂದೇ ಬೆಳಿಗ್ಗೆ ನಡೆಯುತ್ತಿದ್ದುದರಿಂದ ಅವನು ಯಾವುದನ್ನೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಆಗಿನ ನೀರಿಗೆ ಹೊತ್ತು ಗೊತ್ತು ಇರಲಿಲ್ಲ. ಕರೆಂಟು ಇರಬೇಕು, ಪಂಪು ಕೈಕೊಡಬಾರದು, ಮಾರುಕಟ್ಟೆಯ ಪಕ್ಕ ಎತ್ತರದ ಕಂಬಗಳ ಮೇಲೆ ನಿಂತಿದ್ದ ಹಳೇ ಟ್ಯಾಂಕು ತುಂಬಬೇಕು, ಆಮೇಲೆ ಚಾವಿ ಬರಬೇಕು. ಹೀಗಾಗಿ ನಮ್ಮೂರಿನವರು ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದರು. ನೀರು ಹೋದ ಮೇಲೂ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಅದರ ಬಾಯಿಗೆ ಖಾಲಿ ಕೊಡ ಇಟ್ಟು, ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಬಂದ ನೀರು ಖಾಲಿ ಕೊಡದ ತಳಕ್ಕೆ ಬಿದ್ದು ಸದ್ದಾಯಿತೋ, ಜಗಳವಾಡುತ್ತಿದ್ದವರು ಜಗಳ ಬಿಟ್ಟು, ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. ಯಾವುದಾದರೂ ಮನೆಯ ನಲ್ಲಿ ನಿಲ್ಲಿಸಿದೆ ಎಂದರೆ ಆ ಮನೆಯಲ್ಲಿ ಈಗ ಯಾರೂ ಇಲ್ಲ ಎಂದೇ ಅರ್ಥ.

ಚಾವಿಯ ಅಕ್ಕನ ಮನೆಗೆ ಮಾತ್ರ ಈ ಗೋಳು ಇರಲಿಲ್ಲ. ಅವಳದು ಊರಿನ ಅತ್ಯಂತ ಎತ್ತರದ ಬೀದಿ, ಎಲ್ಲರೂ ಮೇಲಿನ ಬೀದಿ ಎನ್ನುತ್ತಿದ್ದದ್ದು. ಅಲ್ಲಿಗೆ ಹಳೇ ಪೈಪಿನ ನೀರು ಹೋಗುತ್ತಲೇ ಇರಲಿಲ್ಲ. ಆದರೆ ಅಕ್ಕನ ಹಿತ್ತಲಲ್ಲಿ ಬಾವಿಯಿತ್ತು. ಗಂಡ ತಾನೇ ಗುದ್ದಲಿ ಹಿಡಿದು ತೋಡಿದ ಬಾವಿ. ನೀರು ಕಂಡ ಕೆಲವೇ ವರ್ಷಕ್ಕೆ ಅವನು ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಬಸ್ ನಿಲ್ದಾಣದ ಸುತ್ತಲಿನ ಲಾಡ್ಜುಗಳ ಹಾಸಿಗೆ ಚಾದರ, ದಿಂಬಿನ ಚೀಲಗಳೆಲ್ಲ ಅವಳ ಹಿತ್ತಲಿಗೇ ಬರುತ್ತಿದ್ದವು. ಕಲ್ಲಿನ ಮೇಲೆ ಬಡಿದು, ಬಾವಿಯ ನೀರಿನಲ್ಲಿ ಜಾಲಿಸಿ, ಹಗ್ಗದ ಮೇಲೆ ಹರವಿದರೆ ದೂರದ ರಸ್ತೆಯಿಂದಲೂ ಬೆಳ್ಳಗೆ ಕಾಣುತ್ತಿತ್ತು. ಅವಳ ಬಾಯಿ ಸ್ವಲ್ಪ ಜೋರು. ಬೀದಿಯವರು ಅವಳ ಬಾವಿಯಿಂದಲೇ ನೀರು ಒಯ್ಯುತ್ತಿದ್ದರು, ಬೈಸಿಕೊಂಡೇ ಒಯ್ಯುತ್ತಿದ್ದರು.

ತಾಯಿ ಸತ್ತಾಗ ಚಾವಿ ಇನ್ನೂ ತೊದಲು ಮಾತಾಡುವ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕ. ಮದುವೆಯಾಗಿ ಹೋಗುವಾಗಲೂ ತಮ್ಮನನ್ನು ಜೊತೆಗೇ ಕರೆದುಕೊಂಡು ಹೋದಳು. ಅವನಿಗೆ ಪುರಸಭೆಯಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಕೆಳಗಿನ ಬೀದಿಯಲ್ಲಿ ಮನೆ ಮಾಡಿದ ಮೇಲೂ ದಿನಾ ಬೆಳಿಗ್ಗೆ ಸೈಕಲ್ಲು ತಳ್ಳಿಕೊಂಡು ಏರು ಹತ್ತಿ ಅಕ್ಕನ ಮುಖ ನೋಡದೆ ಕೆಲಸಕ್ಕೆ ಹೋದವನಲ್ಲ.

"ಊರಿಗೆಲ್ಲ ನೀರು ಬಿಡೋ ದೊಡ್ಡ ಮನುಷ್ಯ ಬಂದ," ಎನ್ನುತ್ತಿದ್ದಳು ಅವಳು. "ಬಾ, ನನ್ನ ಬಾವೀಲಿ ಮುಖ ತೊಳ್ಕೊಂಡು ಹೋಗು. ನಿನ್ನ ನಲ್ಲಿ ನೀರಲ್ಲಿ ತೊಳ್ದು ತೊಳ್ದು ಮುಖ ತುಕ್ಕು ಹಿಡಿದಿದೆ."

ಅವನು ನಗುತ್ತಿದ್ದ, ಮುಖ ತೊಳೆದುಕೊಂಡೇ ಹೋಗುತ್ತಿದ್ದ.

ಹೊಸ ಯೋಜನೆ ಬಂದದ್ದು ಹಳೇ ಟ್ಯಾಂಕಿನ ಕಂಬಗಳು ಬಿರುಕು ಬಿಟ್ಟಾಗ. ಟ್ಯಾಂಕು ಕೆಡವಬೇಕು, ಊರಿನ ಪೈಪುಗಳನ್ನೆಲ್ಲ ಬದಲಾಯಿಸಬೇಕು, ಎತ್ತರದ ಜಾಗದಲ್ಲಿ ಮುಕ್ಕಾಲು ಪಾಲು ನೆಲದೊಳಗಿರುವ ಒಂದು ಭಾರೀ ಟ್ಯಾಂಕು ಕಟ್ಟಬೇಕು, ದಿನವಿಡೀ ನೀರು ಕೊಡಬೇಕು. ದಿನವಿಡೀ ಎಂಬ ಮಾತು ಕೇಳಿಯೇ ಜನ ಕುಣಿದರು. ಆ ಎತ್ತರದ ಜಾಗ ಮೇಲಿನ ಬೀದಿ. ಅಲ್ಲಿ ಬಂಡೆ ಸಿಗದೆ ಆಳಕ್ಕೆ ಅಗೆಯಬಹುದಾದ ಒಂದೇ ಜಾಗ ಅಕ್ಕನ ಹಿತ್ತಲು. ಬಾವಿಯ ಮೇಲೆಯೇ ಟ್ಯಾಂಕು ಕೂರಬೇಕು.

ಅಕ್ಕನ ಬಳಿ ಹೋಗಿ ಕೇಳುವ ಧೈರ್ಯ ಪುರಸಭೆಯಲ್ಲಿ ಒಬ್ಬರಿಗೂ ಇರಲಿಲ್ಲ. ಚಾವಿಯನ್ನು ಕರೆಸಿ, ಎಂದೂ ಕೂರಿಸದವರು ಕುರ್ಚಿ ಕೊಟ್ಟು ಕೂರಿಸಿದರು. ಯೋಜನೆಯ ಇಂಜಿನಿಯರ್ ಒಬ್ಬ ಹೆಂಗಸು, ಬಿಸಿಲಿನಲ್ಲಿ ನಿಂತು ನಿಂತು ಮುಖ ಕಪ್ಪಿಟ್ಟವಳು. ಅವಳು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನೋಡಿ, ಟ್ಯಾಂಕಿಂದ ಊರಿಗೆ ನೀರು ತಾನಾಗೇ ಇಳಿಯುತ್ತೆ. ಆದ್ರೆ ಆ ಬೀದಿ ಟ್ಯಾಂಕಿನ ಮಟ್ಟದಲ್ಲೇ ಇದೆ. ಅಲ್ಲಿಗೆ ಒಂದು ಸಣ್ಣ ಪಂಪು ಬೇರೆ ಬೇಕು. ಅದು ಎರಡನೇ ಹಂತದಲ್ಲಿ ಬರುತ್ತೆ. ನಿಮ್ಮಕ್ಕನಿಗೆ ಅದನ್ನೂ ತಿಳಿಸಿ."

ಚಾವಿ ತಲೆಯಾಡಿಸಿದ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಹಳೇ ಟ್ಯಾಂಕು. ಅದರ ಬುಡದ ಬೀದಿಯಲ್ಲಿ ನೀರಿನ ರಭಸಕ್ಕೆ ಕೊಡವೇ ಉರುಳುತ್ತಿತ್ತು. ದೂರ ಹೋದ ಹಾಗೆ ನೂಲಿನಂತೆ ಸಣ್ಣಗಾಗಿ, ಊರ ಕೊನೆಯಲ್ಲಿ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿಗೆ ಹತ್ತಿರ ಇದ್ದವನೇ ರಾಜ ಎಂಬುದನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ ಕಣ್ಣಾರೆ ಕಂಡಿದ್ದ. ಹಳೇ ಟ್ಯಾಂಕು ಆಕಾಶದಲ್ಲಿತ್ತು, ಇದು ನೆಲದೊಳಗೆ ಇರುತ್ತದೆ ಎಂಬ ವ್ಯತ್ಯಾಸ ಅವನ ತಲೆಗೆ ಹೊಳೆಯಲೇ ಇಲ್ಲ. ಎರಡನೇ ಹಂತ, ಸಣ್ಣ ಪಂಪು ಎಂಬುದೆಲ್ಲ ಆಫೀಸಿನವರು ಕೊನೆಯಲ್ಲಿ ಸೇರಿಸುವ ಮಾತು ಎಂದುಕೊಂಡ. ಅಕ್ಕನಿಗೆ ಅದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದು ಮುಚ್ಚಿಟ್ಟದ್ದಲ್ಲ, ಹೇಳುವಷ್ಟು ದೊಡ್ಡ ಮಾತು ಅನ್ನಿಸಲಿಲ್ಲ.

"ಅಕ್ಕ, ಟ್ಯಾಂಕು ನಿನ್ನ ಹಿತ್ತಲಲ್ಲೇ," ಎಂದ. "ಊರಿಗೆ ಮೊದಲ ನೀರು ನಿನ್ನ ನಲ್ಲಿಗೇ ಬರೋದು. ಹಗ್ಗ ಎಳೆಯೋದು ತಪ್ಪುತ್ತೆ. ನಿನ್ನ ಕೈ ನೋಡ್ಕೋ, ಹೇಗಾಗಿದೆ ಅಂತ."

ಅಕ್ಕ ಕೈ ನೋಡಿಕೊಂಡಳು. ಆಮೇಲೆ ಬಾವಿಯ ಕಡೆ ನೋಡಿದಳು. "ಆ ಪುರಸಭೆಯವರು ಬಂದು ಕೇಳಿದ್ರೆ ಕೊಡ್ತಿರ್ಲಿಲ್ಲ ಕಣೋ. ನೀನು ಹೇಳ್ತೀಯ. ನೀರಿನ ವಿಷಯ ನಿನಗೆ ಗೊತ್ತಿಲ್ದೆ ಇರುತ್ತಾ?"

ಬಾವಿ ಮುಚ್ಚುವ ದಿನ ಅವಳು ಒಂದು ಕೊಡ ನೀರು ಸೇದಿ ಪಕ್ಕಕ್ಕಿಟ್ಟಳು. ಜೆಸಿಬಿ ಬಂದು ಕಟ್ಟೆಯನ್ನು ಒಂದೇ ಏಟಿಗೆ ಒಳಕ್ಕೆ ತಳ್ಳಿತು. ಸಂಜೆ ಆ ಕೊಡದ ನೀರನ್ನೇ ಕುಡಿದಳು, ಮಾರನೇ ದಿನವೂ ಅದನ್ನೇ ಕುಡಿದಳು. ಟ್ಯಾಂಕು ಕಟ್ಟಿ ಮುಗಿಯುವವರೆಗೆ ಮೇಲಿನ ಬೀದಿಗೆ ಪುರಸಭೆ ಟ್ಯಾಂಕರ್ ಕಳಿಸಿತು. ಕೆಲಸ ನಡೆಯಬೇಕಲ್ಲ, ಅದಕ್ಕೆ ತಪ್ಪದೆ ಕಳಿಸಿತು.

ಉದ್ಘಾಟನೆಯ ದಿನ ಭಾಷಣಗಳಾದವು, ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಚಾವಿ ಇಸ್ತ್ರಿ ಅಂಗಿ ಹಾಕಿಕೊಂಡು ಅಕ್ಕನ ಅಡುಗೆಮನೆಯಲ್ಲಿ ನಿಂತಿದ್ದ. ಹೊಸ ನಲ್ಲಿ ಫಳಫಳ ಹೊಳೆಯುತ್ತಿತ್ತು. ಅವನೇ ಅದನ್ನು ಕೊನೆ ಮುಟ್ಟುವವರೆಗೆ ತಿರುಗಿಸಿ, ಕೆಳಗೆ ಖಾಲಿ ಕೊಡ ಇಟ್ಟ. ನಲ್ಲಿ ಒಮ್ಮೆ ಬುಸ್ಸೆಂದಿತು. ಕೆಂಪು ನೀರು ಒಂದು ಬೊಗಸೆಯಷ್ಟು ಕಕ್ಕಿತು. ಆಮೇಲೆ ಏನೂ ಇಲ್ಲ.

"ಗಾಳಿ ಹೋಗ್ತಿದೆ ಅಕ್ಕ. ಆಮೇಲೆ ನೀರೇ. ಇದನ್ನ ನಿಲ್ಲಿಸಬೇಡ."

"ಇಲ್ಲಪ್ಪ, ನಾನ್ಯಾಕೆ ನಿಲ್ಲಿಸಲಿ," ಎಂದಳು ಅಕ್ಕ.

ಕೆಳಗೆ ಊರಲ್ಲಿ ಕೇಕೆ ಎದ್ದಿತು. ಮಾರುಕಟ್ಟೆಯಲ್ಲಿ, ಶಾಲೆಯಲ್ಲಿ, ಚಾವಿಯ ಸ್ವಂತ ಮನೆಯಲ್ಲಿ ನಲ್ಲಿಗಳು ಭೋರ್ಗರೆದವು. ಅವನ ಹೆಂಡತಿ ಇದ್ದಬದ್ದ ಪಾತ್ರೆಯನ್ನೆಲ್ಲ ತುಂಬಿಸಿ, ತುಂಬಿಸಲು ಇನ್ನೇನೂ ಸಿಗದೆ ಅಂಗಳ ತೊಳೆದಳಂತೆ. ಅವನು ಕತ್ತಲಾಗುವವರೆಗೂ ಅಕ್ಕನ ಕೊಡದ ಪಕ್ಕ ಕೂತಿದ್ದ. ನೀರು ಬರಲಿಲ್ಲ. ಮರುದಿನ ಇಂಜಿನಿಯರ್ ಬಳಿಗೆ ಓಡಿದಾಗ ಅವಳು ಆಶ್ಚರ್ಯದಿಂದ ಅವನನ್ನೇ ನೋಡಿದಳು.

"ನಾನು ನಿಮಗೆ ಹೇಳಿದ್ನಲ್ಲ. ಪಂಪು ಬರೋವರೆಗೂ ಅಲ್ಲಿಗೆ ನೀರು ಹತ್ತಲ್ಲ. ನೀವು ಅವರಿಗೆ ಹೇಳ್ಲಿಲ್ವಾ?"

ಚಾವಿಗೆ ಆಗ ಎಲ್ಲ ಒಟ್ಟಿಗೆ ಹೊಳೆಯಿತು. ಅವಳು ಒಳ್ಳೆಯವಳು, ಗದರಲಿಲ್ಲ. ಎರಡನೇ ಹಂತಕ್ಕೆ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ ಎಂದಳು. ಬರೆದಳು ಕೂಡ. ಸ್ವಲ್ಪ ದಿನಕ್ಕೆ ಅವಳಿಗೇ ಬೇರೆ ಊರಿಗೆ ವರ್ಗವಾಯಿತು. ಅವಳ ಜಾಗಕ್ಕೆ ಬಂದವನು ಮೇಲಿನ ಬೀದಿ ಎಂದರೆ ಯಾವುದು ಎಂದು ಕೇಳಿದ.

ಅಲ್ಲಿಂದ ಮುಂದಿನದನ್ನು ಹೇಳಲು ನನಗೇ ಬೇಸರ. ಟ್ಯಾಂಕು ಮುಗಿಯಿತೆಂದು ಟ್ಯಾಂಕರ್ ಬರುವುದು ಅಪರೂಪವಾಯಿತು. ಚಾವಿ ಬೆಳಿಗ್ಗೆ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ತನ್ನ ಮನೆಯಿಂದ ಏರು ಹತ್ತಿಸುತ್ತಿದ್ದ. ಅದು ಕುಡಿಯಲು, ಬೇಯಿಸಲು ಆಯಿತು. ಲಾಡ್ಜುಗಳ ಚಾದರ ಒಗೆಯಲು ಆಗುತ್ತದೆಯೇ? ಅಕ್ಕ ಗಂಟು ಹೊತ್ತು ಇಳಿದು, ಕೆಳಗಿನ ಬೀದಿಯ ಮೂಲೆಯ ನಲ್ಲಿಯಲ್ಲಿ ಒಗೆದು, ಒದ್ದೆ ಗಂಟು ಹೊತ್ತು ಮತ್ತೆ ಹತ್ತಿದಳು. ಅಲ್ಲಿನವರು ಮೂಗು ಮುರಿದರು. ಒಂದೊಂದಾಗಿ ಲಾಡ್ಜಿನವರು ಬಟ್ಟೆಯನ್ನು ಮಷಿನ್ನಿಗೆ ಕೊಟ್ಟರು. ಕೊನೆಗೆ ಹಗ್ಗದ ಮೇಲೆ ಅವಳದೇ ಎರಡು ಸೀರೆ ಒಣಗುತ್ತಿದ್ದವು.

ಚಾವಿಯ ಕೈಯಿಂದ ಚಾವಿಯೂ ಹೋಯಿತು. ಹೊಸ ವಾಲ್ವುಗಳನ್ನು ಆಫೀಸಿನಲ್ಲಿ ಕೂತು ಕಂಪ್ಯೂಟರಿನಿಂದಲೇ ತೆಗೆದು ಮುಚ್ಚುತ್ತಿದ್ದರು. ಇಷ್ಟು ವರ್ಷ ದುಡಿದವನನ್ನು ಬೀದಿಗೆ ತಳ್ಳಬಾರದೆಂದು ಟ್ಯಾಂಕಿನ ಕಾವಲಿಗೆ ಹಾಕಿದರು. ಮುಳ್ಳುತಂತಿಯ ಬೇಲಿ, ಒಂದು ಪ್ಲಾಸ್ಟಿಕ್ ಕುರ್ಚಿ, ಆಚೆಗೆ ಅಕ್ಕನ ಹಿತ್ತಲ ಗೋಡೆ. ಟ್ಯಾಂಕಿನ ಮುಚ್ಚಳಕ್ಕೆ ಬೀಗವಿತ್ತು. ಅದರ ಕೀಲಿ ಆಫೀಸಿನಲ್ಲಿತ್ತು. ಊರೆಲ್ಲ ಕುಡಿಯುವ ನೀರು, ಏನಾದರೂ ಬಿದ್ದರೆ ಊರೇ ಮಲಗುತ್ತದೆ ಎಂದು ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದು ಸರಿಯಾದ ಮಾತೇ, ಅವನೂ ಒಪ್ಪುತ್ತಿದ್ದ. ಟ್ಯಾಂಕಿಗೆ ನೀರು ಬೀಳುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಆ ಸದ್ದನ್ನು ಕೇಳುತ್ತ ಕೂರುವುದೇ ಅವನ ಕೆಲಸ.

ಗೋಡೆಯ ಮೇಲಿಂದ ಅಕ್ಕ ದಿನಾ ಇಣುಕುತ್ತಿದ್ದಳು. "ಏನೋ, ಒಳಗೆ ಬೀಳ್ತಿರೋ ಸದ್ದು ಜೋರಾಗಿದೆ ಇವತ್ತು. ಬರಬಹುದೇನೋ?"

"ಬರುತ್ತಕ್ಕ."

ಎರಡನೇ ಹಂತದ ವಿಷಯವನ್ನು ಅವನು ಆಗಲೂ ಹೇಳಲಿಲ್ಲ. ಮೊದಲು ಹೇಳದೆ ಇದ್ದದ್ದು ಅಜ್ಞಾನದಿಂದ, ಈಗ ಹೇಳದೆ ಇದ್ದದ್ದು ಹೆದರಿಕೆಯಿಂದ. ಬೈದಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಅವಳು ಬೈಯಲೇ ಇಲ್ಲ. ಬೀದಿಯವರೆಲ್ಲ ಅವನಿಗೆ ಹಿಡಿಶಾಪ ಹಾಕುವಾಗ ಅವಳೊಬ್ಬಳು ಮಾತ್ರ, "ನನ್ನ ತಮ್ಮ ಹೇಳಿದಾನೆ, ಬರುತ್ತೆ," ಎನ್ನುತ್ತಿದ್ದಳು. ಬೀದಿಯ ಬೇರೆ ಮನೆಗಳವರು ಬೇಸತ್ತು ನಲ್ಲಿ ನಿಲ್ಲಿಸಿದರು. ಒಬ್ಬರು ಅದಕ್ಕೆ ಛತ್ರಿ ನೇತುಹಾಕಿದರು. ಅಕ್ಕನ ನಲ್ಲಿ ಅವನು ತಿರುಗಿಸಿಟ್ಟಂತೆಯೇ ಇತ್ತು. ಕೆಳಗೆ ಕೊಡವನ್ನು ದಿನಾ ಧೂಳು ಒರೆಸಿ ಇಡುತ್ತಿದ್ದಳು.

"ನಮ್ಮನೇಗೇ ಬಂದುಬಿಡು," ಎಂದು ಅವನು ಕರೆದ. ಹೆಂಡತಿಯೂ ಬಂದು ಕರೆದಳು.

"ನಾನು ಬಂದ್ರೆ ಇಲ್ಲಿ ನೀರು ಬಂದಾಗ ಹಿಡಿಯೋರ್ಯಾರು?" ಎಂದಳು ಅಕ್ಕ.

ಹಿಂದಿರುಗುವಾಗ ಹೆಂಡತಿ ದಾರಿಯಲ್ಲೇ ನಿಂತಳು. "ಅವರಿಗೆ ನಿಜ ಹೇಳಿಬಿಡಿ. ನಿಮ್ಮ ಮಾತು ನಂಬಿ ಆ ಒಣ ನಲ್ಲಿ ಕಾಯ್ತಾ ಕೂತಿದಾರೆ. ನನಗೆ ನೋಡೋಕಾಗಲ್ಲ."

"ನಾಳೆ ಹೇಳ್ತೀನಿ," ಎಂದ ಅವನು.

ಆ ನಾಳೆ ಬರುವ ಮೊದಲೇ ಅಕ್ಕ ಬಿದ್ದಳು. ಕೆಳಗಿನ ನಲ್ಲಿಯಿಂದ ಕೊಡ ಹೊತ್ತು ಹತ್ತುವಾಗ ಅವಳದೇ ಕೊಡದಿಂದ ತುಳುಕಿದ ನೀರಿನ ಮೇಲೆ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದ ಮೇಲೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಿಡಲಿಲ್ಲ. ಚಾವಿ ಕಾವಲಿಗೆ ರಜೆ ಹಾಕಿ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಕಣ್ಣು ಬಿಟ್ಟಾಗಲೆಲ್ಲ ಅವಳದು ಒಂದೇ ಪ್ರಶ್ನೆ.

"ಬಂತಾ?"

"ಇನ್ನೂ ಇಲ್ಲಕ್ಕ."

"ನಲ್ಲಿ ತೆಗೆದಿಟ್ಟೇ ಬಂದಿದೀನಿ. ಬಂದ್ರೆ ಹರಿದು ಹೋಗುತ್ತೆ ಕಣೋ, ಒಂದ್ಸಲ ನೋಡ್ಕೊಂಡು ಬಾ. ನೀರು ಸುಮ್ನೆ ಹೋಗಬಾರದು."

ಅವನು ಹೋಗುತ್ತಿದ್ದ. ಬೀಗ ತೆಗೆದು ಒಣ ಕೊಡದ ಮುಂದೆ ನಿಂತು, ಮತ್ತೆ ಬೀಗ ಹಾಕಿ ಬರುತ್ತಿದ್ದ. ಹೋಗದೆಯೇ ಹೋಗಿದ್ದೆ ಎನ್ನಬಹುದಿತ್ತು. ಅವನಿಂದ ಆಗುತ್ತಿರಲಿಲ್ಲ. ಹಾಗಿದ್ದವನು ಒಂದು ಮಧ್ಯಾಹ್ನ, ಡಾಕ್ಟರು ಅವನನ್ನು ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟು ಮಾತಾಡಿದ ಮೇಲೆ, ಒಳಗೆ ಬಂದು ಕೂತು ತಾನೇ ಹೇಳಿದ.

"ಅಕ್ಕ, ಬಂತು."

ಅವಳು ಕಣ್ಣು ಪೂರ್ತಿ ತೆರೆದಳು. "ನಿಜವಾಗ್ಲೂ?"

"ನಿಜವಾಗ್ಲೂ. ಕೊಡ ತುಂಬಿ ಹರೀತಿತ್ತು. ನಾನೇ ಹೋಗಿ ನಿಲ್ಲಿಸಿ ಬಂದೆ."

ಅಕ್ಕ ಪಕ್ಕದ ಮಂಚದವಳ ಕಡೆ ತಿರುಗಿದಳು. ಉಸಿರೆಳೆದುಕೊಳ್ಳುತ್ತ, "ಕೇಳಿಸ್ತಾ? ಬೀದಿಯವರೆಲ್ಲ ಇವನನ್ನ ಬೈದ್ರು. ನನ್ನ ತಮ್ಮ ಸುಳ್ಳು ಹೇಳೋನಲ್ಲ," ಎಂದಳು. ಆಮೇಲೆ ಅವನ ಕೈ ಹಿಡಿದು, "ಆ ನೀರು ಒಂದು ಲೋಟ ತಗೊಂಡ್ಬಾರೋ. ರುಚಿ ನೋಡ್ತೀನಿ."

ಚಾವಿ ತನ್ನ ಮನೆಗೆ ಹೋಗಿ ನಲ್ಲಿಗೆ ಲೋಟ ಹಿಡಿದ. ಅದೇ ಟ್ಯಾಂಕಿನ ನೀರು, ಅದೇ ಬಾವಿಯ ಜಾಗದಿಂದ ಇಳಿದು ಬಂದ ನೀರು. ಅದನ್ನು ಆಸ್ಪತ್ರೆಗೆ ತಂದು ಕೊಟ್ಟ. ಅಕ್ಕ ಎರಡು ಗುಟುಕು ಕುಡಿದಳು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನೋಡಿದಳು.

"ನಮ್ಮ ಬಾವಿ ನೀರಿನ ಹಾಗಿಲ್ಲ ಬಿಡು," ಎಂದಳು. "ಆದ್ರೂ ಬಂತಲ್ಲ."

ಮಾರನೇ ದಿನ ಅವಳು ತೀರಿಕೊಂಡಳು.

ಎಲ್ಲ ಮುಗಿದ ಮೇಲೆ ಚಾವಿ ಅವಳ ಮನೆಗೆ ಬೀಗ ಹಾಕಲು ಹೋದ. ಒಲೆಯ ಬೂದಿ ತೆಗೆದ, ಅಕ್ಕಿ ಡಬ್ಬಿಯನ್ನು ಪಕ್ಕದ ಮನೆಯವರಿಗೆ ಕೊಟ್ಟ, ಕಿಟಕಿಯಲ್ಲಿದ್ದ ಸೋಪಿನ ಚೂರನ್ನು ಹಾಗೇ ಬಿಟ್ಟ. ಕೊನೆಗೆ ನಲ್ಲಿಯ ಮುಂದೆ ನಿಂತು ಅದರ ಮೇಲೆ ಕೈಯಿಟ್ಟ. ಊರಿನ ಎಷ್ಟು ವಾಲ್ವು, ಎಷ್ಟು ನಲ್ಲಿ ತಿರುಗಿಸಿದ ಕೈ ಅದು. ಇದನ್ನು ನಿಲ್ಲಿಸಲು ಮನಸ್ಸು ಬರಲಿಲ್ಲ. ನಿಲ್ಲಿಸಿದರೆ ಈ ಮನೆಯಲ್ಲಿ ಯಾರೂ ಇಲ್ಲ ಎಂದಾಗುತ್ತದೆ. ಹೇಗೂ ನೀರು ಬರುವುದಿಲ್ಲವಲ್ಲ ಎಂದುಕೊಂಡು, ಕೊಡವನ್ನು ಒಮ್ಮೆ ಒರೆಸಿ ಕೆಳಗಿಟ್ಟು, ಬಾಗಿಲೆಳೆದುಕೊಂಡು ಬಂದ.

ಆಮೇಲೆ ಅವನು ಮಾತು ಕಡಿಮೆ ಮಾಡಿದ. ಹೆಂಡತಿ ತಟ್ಟೆ ಇಟ್ಟರೆ ತಿನ್ನುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಕುರ್ಚಿಯನ್ನು ಗೋಡೆಗೆ ಬೆನ್ನು ಮಾಡಿ ಹಾಕಿಕೊಂಡು, ಟ್ಯಾಂಕಿಗೆ ನೀರು ಬೀಳುವ ಹೊತ್ತಿಗೆ ಎರಡೂ ಕಿವಿಗೆ ಕೈ ಒತ್ತಿಕೊಳ್ಳುತ್ತಿದ್ದ. ನೋಡಿದವರು ಇವನಿಗೆ ತಲೆ ಕೆಟ್ಟಿದೆ ಎಂದರು. ತಲೆ ಕೆಟ್ಟಿರಲಿಲ್ಲ, ಕೆಟ್ಟಿದ್ದರೆ ಅವನಿಗೆ ಅಷ್ಟಾದರೂ ನೆಮ್ಮದಿ ಇರುತ್ತಿತ್ತು.

ಎರಡನೇ ಹಂತ ಬಂತು. ಆಗ ಯಾಕೆ ಬಂತು, ಮೊದಲೇ ಯಾಕೆ ಬರಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಲಾರಿ ಬಂತು, ಇಬ್ಬರು ಮೆಕ್ಯಾನಿಕ್ಕುಗಳು ಇಳಿದರು, ಟ್ಯಾಂಕಿನ ಮೂಲೆಯಲ್ಲಿ ಹಾಲಿನ ಕ್ಯಾನಿನಷ್ಟು ದೊಡ್ಡ ಪಂಪೊಂದನ್ನು ಕೂರಿಸಿದರು. ಇಷ್ಟೇನಾ ಎಂದು ಚಾವಿ ಅದನ್ನೇ ನೋಡಿದ. ಇಷ್ಟು ಸಣ್ಣದಕ್ಕಾಗಿಯಾ ಎಂದು ಅದರ ಸುತ್ತ ಒಂದು ಸಲ ನಡೆದು ಬಂದ.

"ಇಲ್ಲಿ ಹಳಬರು ನೀವೇ ಅಂತೆ," ಎಂದ ಮೆಕ್ಯಾನಿಕ್. "ನಿಮ್ಮ ಕೈಯಿಂದಲೇ ಆಗಲಿ, ಒತ್ತಿ."

ಅವನು ಹಸಿರು ಗುಂಡಿ ಒತ್ತಿದ. ಪಂಪು ಗುಂಯ್ ಎಂದಿತು. ಮೇಲಿನ ಬೀದಿಯಲ್ಲಿ ಒಬ್ಬಳು ಕೂಗಿದಳು, ಆಮೇಲೆ ಇನ್ನೊಬ್ಬಳು, ಆಮೇಲೆ ಇಡೀ ಬೀದಿಯೇ ಕೂಗಿತು. ಪಾತ್ರೆಗಳ ಸದ್ದು, ನಗು. ಛತ್ರಿ ನೇತುಹಾಕಿದ್ದವರು ಛತ್ರಿಯನ್ನು ಬೀದಿಗೇ ಎಸೆದರು. ಅಷ್ಟರಲ್ಲಿ ಅಕ್ಕನ ಎದುರು ಮನೆಯ ಟೈಲರ್ ಬೇಲಿಯ ಹತ್ತಿರ ಓಡಿ ಬಂದ.

"ಚಾವಿ, ನಿಮ್ಮಕ್ಕನ ಮನೆಯಿಂದ ನೀರು ಹೊರಗೆ ಹರೀತಿದೆ! ನಲ್ಲಿ ಯಾರು ತೆಗೆದಿಟ್ಟೋರು?"

ಚಾವಿ ಓಡಿಹೋಗಿ ಬೀಗ ತೆಗೆದ. ಬಾಗಿಲ ಸಂದಿಯಿಂದ ನೀರು ಅವನ ಪಾದಕ್ಕೆ ಬಂತು. ಒಳಗೆ ನಲ್ಲಿ ಧೋ ಎಂದು ಸುರಿಯುತ್ತಿತ್ತು. ಕೊಡ ತುಂಬಿ ಸುತ್ತಲೂ ಉಕ್ಕುತ್ತಿತ್ತು. ಅವನು ಅಕ್ಕನಿಗೆ ಹೇಳಿದ್ದ ಹಾಗೆಯೇ ಇತ್ತು, ಒಂದು ಕೂದಲೆಳೆಯೂ ಬೇರೆಯಾಗಿರಲಿಲ್ಲ. ಕಿಟಕಿಯ ಸೋಪಿನ ಚೂರು ಕೆಳಗೆ ಬಿದ್ದು ನೀರಿನಲ್ಲಿ ನೊರೆ ಬಿಡುತ್ತಿತ್ತು.

"ನೋಡ್ತಾ ನಿಂತ್ಯಲ್ಲ, ನಿಲ್ಲಿಸೋ!" ಎಂದ ಟೈಲರ್.

"ನಿಲ್ಲಿಸಿ ಬಂದೆ ಅಂತ ಅಕ್ಕನಿಗೆ ಹೇಳಿದೀನಿ," ಎಂದ ಚಾವಿ. "ಆಗಲೇ ಹೇಳಿದೀನಿ."

ಟೈಲರ್‌ಗೆ ಅರ್ಥವಾಗಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿಕೊಂಡು, ಒಳಗೆ ನುಗ್ಗಿ, ತಾನೇ ನಲ್ಲಿಯನ್ನು ತಿರುಗಿಸಿ ಬಿಗಿದ. ನೀರು ನಿಂತಿತು. ಮನೆಯಲ್ಲಿ ಸದ್ದೇ ಇಲ್ಲವಾಯಿತು.

ಆಗ ಚಾವಿ ಬಗ್ಗಿ ಆ ತುಂಬಿದ ಕೊಡವನ್ನು ಎತ್ತಿ ಹೆಗಲಿಗಿಟ್ಟುಕೊಂಡ. ಅಭ್ಯಾಸಬಲದಿಂದ ಬೀದಿಗೆ ಬಂದ. ಎಲ್ಲರ ಮನೆಯಲ್ಲೂ ನೀರು ಬರುತ್ತಿತ್ತು, ಯಾರಿಗೂ ಒಂದು ಲೋಟವೂ ಬೇಕಿರಲಿಲ್ಲ. ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಅವನು ಕೊಡ ಹೊತ್ತುಕೊಂಡು ಅಲ್ಲೇ ನಿಂತ. ಹೆಂಡತಿ ಬಂದು ಇಳಿಸಿಕೊಳ್ಳುವವರೆಗೂ ನಿಂತೇ ಇದ್ದ.